ಅಗ್ಗದ ಫೋನಿಗೂ ಗಟ್ಟಿ ಗೂಢಲಿಪಿ



ಪಾವಗಡ ಸೀಮೆಯ ತಿರುಮಣಿಯ ಹೆಸರು ಈಗ ಬಿಸಿಲಿನೊಂದಿಗೆ ಬೆಸೆದುಕೊಂಡಿದೆ. ಬರಗಾಲಕ್ಕೆ ಹೆಸರಾಗಿದ್ದ ಈ ಸೀಮೆಯಲ್ಲಿ, ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ನಿಂತಿದೆ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆ ಲೆಕ್ಕ ಶುರುವಾಯಿತು. ಇಂದು ಯಾವ ಊರಿನಲ್ಲೇ ಆಗಲಿ, ಖಾತೆಗೆ ಹಣ ಬಿದ್ದ ಸುದ್ದಿ ಬರುವುದು ಎಸ್ಸೆಮ್ಮೆಸ್ಸಿನಲ್ಲಿ. ಆ ಹಣವನ್ನು ಬೇರೆಯವರಿಗೆ ಕಳಿಸಲು ಹೊರಟರೆ ಓಟಿಪಿ ಬರುವುದೂ ಅಲ್ಲಿಗೇ. ಟವರ್‌ನಿಂದ ಫೋನಿನವರೆಗೆ ಗಾಳಿಯಲ್ಲಿ ಬರುವ ಆ ಸಂದೇಶಕ್ಕೆ ಕಾವಲು ಏನು?

ಫೋನ್ ಆನ್ ಮಾಡಿದೊಡನೆ ಏನಾಗುತ್ತದೆ ನೋಡಿ. ಸಿಮ್ಮಿನೊಳಗೆ 128 ಬಿಟ್‌ಗಳ ಒಂದು ಗುಪ್ತ ಕೀಲಿ ಅಡಗಿದೆ. ಅದರ ಇನ್ನೊಂದು ಪ್ರತಿ ಇರುವುದು ಕಂಪನಿಯ ಕೇಂದ್ರದಲ್ಲಿ. ಕೀಲಿ ಎಂದೂ ಗಾಳಿಗೆ ಇಳಿಯುವುದಿಲ್ಲ. ನೆಟ್‌ವರ್ಕ್ ಪ್ರತಿ ಸಲ ಹೊಸದೊಂದು ಸಂಖ್ಯೆ ಕಳಿಸುತ್ತದೆ. ಸಿಮ್ ಅದನ್ನು ತನ್ನ ಕೀಲಿಯೊಂದಿಗೆ ಸೇರಿಸಿ ಲೆಕ್ಕ ಹಾಕಿ ಉತ್ತರ ಒಪ್ಪಿಸುತ್ತದೆ. ಉತ್ತರ ತಾಳೆಯಾದರೆ ಗ್ರಾಹಕ ಅಸಲಿ. ಅದೇ ಸಂಖ್ಯೆ, ಅದೇ ಕೀಲಿಯಿಂದ ತಾತ್ಕಾಲಿಕವಾದ ಮತ್ತೊಂದು ಕೀಲಿ ಹುಟ್ಟುತ್ತದೆ. ಮಾತು, ಸಂದೇಶಗಳನ್ನೆಲ್ಲ ಗೂಢಲಿಪಿಗೆ ತಿರುಗಿಸುವುದು ಅದು.

2ಜಿಯಲ್ಲಿ ಒಂದು ದೊಡ್ಡ ಲೋಪ ಉಳಿದುಹೋಯಿತು. ಟವರ್ ಫೋನನ್ನು ಪರೀಕ್ಷಿಸುತ್ತದೆ, ಫೋನ್ ಟವರನ್ನು ಪರೀಕ್ಷಿಸುವುದಿಲ್ಲ. ಕಾರಿನಲ್ಲಿಟ್ಟ ನಕಲಿ ಟವರೊಂದು ಜೋರಾದ ಸಿಗ್ನಲ್ ಬಿಟ್ಟರೆ ಸುತ್ತಲಿನ ಫೋನುಗಳು ಅದಕ್ಕೇ ಅಂಟಿಕೊಳ್ಳುತ್ತವೆ. ಗೂಢಲಿಪಿಯೇ ಬೇಡ ಎಂದು ಅದು ಹೇಳಿದರೆ ಅದಕ್ಕೂ ಒಪ್ಪುತ್ತವೆ.

ಗೂಢಲಿಪಿ ಇದ್ದಾಗಲೂ ನೆಮ್ಮದಿ ಇರಲಿಲ್ಲ. 2ಜಿಯ ಎ5/1 ವಿಧಾನ ಯುರೋಪಿನಲ್ಲಿ 1987ರ ಹೊತ್ತಿಗೆ ರೂಪುಗೊಂಡಿತ್ತು. ಆ ವಿಧಾನದ ಒಳಗುಟ್ಟನ್ನು ಮುಚ್ಚಿಟ್ಟರೆ ಸಾಕು ಎಂದು ಅದನ್ನು ಮಾಡಿದವರು ನಂಬಿದ್ದರು. ಗುಟ್ಟು ಹೊರಬಿತ್ತು. 2000ದಲ್ಲಿ ಬಿರ್ಯುಕೊವ್, ಶಮೀರ್, ವ್ಯಾಗ್ನರ್ ಎಂಬ ಮೂವರು ಸಾಧಾರಣ ಕಂಪ್ಯೂಟರಿನಿಂದಲೇ ಅದನ್ನು ಮುರಿಯುವ ದಾರಿ ತೋರಿಸಿದರು. 2009ರ ಡಿಸೆಂಬರ್‌ನಲ್ಲಿ ಬರ್ಲಿನ್‌ನಲ್ಲಿ ಕಾರ್ಸ್ಟನ್ ನೋಲ್ ಆ ಕೆಲಸಕ್ಕೆ ಬೇಕಾದ ಕೋಷ್ಟಕಗಳ ಯೋಜನೆಯನ್ನೇ ಎಲ್ಲರ ಮುಂದಿಟ್ಟರು. ಇದಕ್ಕೆ ತದ್ವಿರುದ್ಧವಾಗಿ, ಬಹಿರಂಗ ಸ್ಪರ್ಧೆಯಲ್ಲಿ ಗೆದ್ದು 2001ರಲ್ಲಿ ಅಮೆರಿಕದ ಮಾನಕವಾದ ಎಇಎಸ್ ಎಂಬ ಗೂಢಲಿಪಿ ವಿಧಾನದ ಪ್ರತಿ ಹೆಜ್ಜೆಯೂ ಎಲ್ಲರಿಗೂ ಗೊತ್ತು. ಅದು ಇನ್ನೂ ಗಟ್ಟಿಯಾಗಿದೆ.

ಎ5/1 ದುರ್ಬಲವಾಗಿರಲು ಅಂದಿನ ಚಿಪ್ಪುಗಳ ಬಡತನವೂ ಒಂದು ಕಾರಣ ಎನ್ನುವುದುಂಟು. ಆ ನೆಪ ಈಗ ಸಲ್ಲದು. ಇಂದಿನ ದುಬಾರಿ ಫೋನುಗಳ ಪ್ರೊಸೆಸರ್‌ನಲ್ಲಿ ಎಇಎಸ್‌ಗೆಂದೇ ಪ್ರತ್ಯೇಕ ಆದೇಶಗಳಿವೆ. ಅಗ್ಗದ ಫೋನುಗಳಲ್ಲಿ ಹಲವಕ್ಕೆ ಆ ಭಾಗ್ಯವಿಲ್ಲ. ಅವುಗಳಿಗೆ ಒದಗಿದ್ದು ಡೇನಿಯಲ್ ಬರ್ನ್‌ಸ್ಟೈನ್ ರೂಪಿಸಿದ ಚಾಚಾ20 ಎಂಬ ವಿಧಾನ. ಅದು ಬೇಡುವುದು ಮೂರೇ ಕೆಲಸ: ಕೂಡು, ಬಿಟ್‌ಗಳನ್ನು ತಿರುಗಿಸು, ಎಕ್ಸಾರ್ (ಬಿಟ್‌ಗಳ ಹೋಲಿಕೆ) ಮಾಡು. ಎಷ್ಟೇ ಅಗ್ಗದ ಪ್ರೊಸೆಸರ್ ಆದರೂ ಈ ಮೂರನ್ನು ಸಲೀಸಾಗಿ ಮಾಡುತ್ತದೆ. ಎಇಎಸ್ ಆದೇಶಗಳಿಲ್ಲದ ಫೋನುಗಳಲ್ಲಿ ಇದು ಎಇಎಸ್‌ಗಿಂತ ಮೂರು ಪಟ್ಟು ವೇಗ ಎಂದು 2014ರಲ್ಲಿ ಗೂಗಲ್ ಹೇಳಿತು. ಲೆಕ್ಕ ಬೇಗ ಮುಗಿದಷ್ಟೂ ಬ್ಯಾಟರಿ ಉಳಿಯುತ್ತದೆ. 2019ರಲ್ಲಿ ಬಂದ ಅಡಿಯಾಂಟಮ್ ಇದೇ ಜಾಡು ಹಿಡಿದು, ಅಗ್ಗದ ಫೋನಿನೊಳಗಿನ ಫೈಲುಗಳಿಗೂ ರಕ್ಷಣೆ ಕೊಟ್ಟಿತು. ಸೆನ್ಸರ್‌ನಂಥ ಪುಟ್ಟ ಸಾಧನಗಳಿಗಾಗಿ 2023ರಲ್ಲಿ ಆಸ್ಕಾನ್ ಎಂಬ ಹಗುರ ಗೂಢಲಿಪಿ ವಿಧಾನ ಅಮೆರಿಕದ ಮಾನಕಕ್ಕೆ ಆಯ್ಕೆಯಾಯಿತು. ಸೋಲಾರ್ ಫಲಕಗಳ ನಡುವೆ ಓದುತ್ತಿರುವ ಈ ಸೀಮೆಯ ಮಕ್ಕಳು ಪ್ರಾಜೆಕ್ಟಿಗೆ ಎತ್ತಿಕೊಳ್ಳಬೇಕಾದ ವಿಷಯ ಅದು.

3ಜಿಯಿಂದೀಚೆಗೆ ಫೋನೂ ಟವರನ್ನು ಪರೀಕ್ಷಿಸುತ್ತದೆ. ಗೂಢಲಿಪಿಯ ತಾತ್ಕಾಲಿಕ ಕೀಲಿಯೂ 3ಜಿಯಿಂದಲೇ 128 ಬಿಟ್‌ಗಳಷ್ಟಾಯಿತು. 5ಜಿಯಲ್ಲಿ ಗ್ರಾಹಕನ ಗುರುತಿನ ಸಂಖ್ಯೆಯನ್ನೂ ಮರೆಮಾಡಿ ಕಳಿಸುವ ಏರ್ಪಾಡಿದೆ. ಆದರೆ 2ಜಿ ಕೀಪ್ಯಾಡ್ ಫೋನು ಹಿಡಿದವರ ಕೈಗೆ ಇದೆಲ್ಲ ತಲುಪಿಲ್ಲ. ಇಂಟರ್ನೆಟ್ ಇಲ್ಲದವರು ಹಣ ಕಳಿಸಲೆಂದು *99# ಇದೆ, 2022ರ ಮಾರ್ಚ್‌ನಲ್ಲಿ ಯುಪಿಐ 123ಪೇ ಬಂತು. ಎರಡೂ ಒಳ್ಳೆಯ ಕೆಲಸಗಳೇ. ಆದರೆ *99# ಸಂದೇಶವಾಗಲಿ ಎಸ್ಸೆಮ್ಮೆಸ್ಸಾಗಲಿ ವಾಟ್ಸ್ಯಾಪ್‌ನಂತೆ ಈ ತುದಿಯಿಂದ ಆ ತುದಿಯವರೆಗೆ ಗೂಢಲಿಪಿಯಲ್ಲಿ ಸಾಗುವುದಿಲ್ಲ. ಕಡಿಮೆ ದುಡ್ಡಿನವರಿಗೆ ಕಡಿಮೆ ಭದ್ರತೆ ಎಂಬ ಈ ಸ್ಥಿತಿಯನ್ನು ಒಪ್ಪಲಾಗದು.

ನಮ್ಮ ನೆಲಕ್ಕೆ ತಕ್ಕ ಯಂತ್ರ ಕಟ್ಟುವುದು ಈ ನಾಡಿಗೆ ಹೊಸದಲ್ಲ. ಎಸಿ ಕೋಣೆ ಇಲ್ಲದೆಯೂ ನಡೆಯುವ, ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಹಳ್ಳಿ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಶುರುವಾದದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಬಿಎಸ್‌ಎನ್‌ಎಲ್‌ನ ದೇಶೀ 4ಜಿಗೆ ಟವರ್ ಉಪಕರಣ ಕೊಟ್ಟದ್ದು ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್. ಎಂಟುನೂರು, ಸಾವಿರ ರೂಪಾಯಿಯ ಫೋನಿಗೂ ತುದಿಯಿಂದ ತುದಿಗೆ ಗೂಢಲಿಪಿ ಒದಗಿಸಿ ಎಂದು ಇಂಥವರ ಮುಂದೆ ಒತ್ತಾಯಿಸಲು ಅಧ್ಯಾಪಕರ, ವಿದ್ಯಾರ್ಥಿಗಳ ಈ ಸಮಾವೇಶಕ್ಕೆ ಹಕ್ಕಿದೆ.

ಅಲ್ಲಿಯವರೆಗೆ ಕಾಯದೆ ಮಾಡಬಹುದಾದ ಕೆಲಸವೊಂದಿದೆ. ಆಂಡ್ರಾಯ್ಡ್ 12ರಿಂದೀಚೆಗೆ ಅನೇಕ ಫೋನುಗಳ ಸಿಮ್ ಸೆಟ್ಟಿಂಗ್ಸ್‌ನಲ್ಲಿ 2ಜಿಯನ್ನು ಆಫ್ ಮಾಡುವ ಅವಕಾಶವಿದೆ. ಅಧ್ಯಾಪಕರು ಮೊದಲು ತಮ್ಮ ಊರಿನಲ್ಲಿ 4ಜಿ ಸಿಗ್ನಲ್ ಚೆನ್ನಾಗಿ ಸಿಗುತ್ತದೆಯೇ ನೋಡಿ, ಸಿಗುತ್ತಿದ್ದರೆ ತರಗತಿಯಲ್ಲೇ ಅದನ್ನು ಮಾಡಿ ತೋರಿಸಲಿ. ಮಕ್ಕಳು ಸಂಜೆ ಮನೆಗೆ ಹೋಗಿ ಅಪ್ಪ, ಅಮ್ಮ, ಅಜ್ಜಿಯ ಫೋನಿನಲ್ಲಿ ಮಾಡಿಕೊಡಲಿ.