ಕೇಳಲು ಒಬ್ಬರು ಬೇಕು

(ನಂಜನಗೂಡಿನಲ್ಲಿ ಪ್ರಥಮ ವರ್ಷದ ಪದವಿ ವಿದ್ಯಾರ್ಥಿಗಳ ಎದುರು ನಮ್ಮ ವರದಿಗಾರರು ಆಡಿದ ಮಾತುಗಳ ಬರಹರೂಪ)



ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ನಿಮಗಿಂತ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರಿದ್ದಾರೆ? ಕೈ ಎತ್ತುವುದು ಬೇಡ. ನಾನಂತೂ ಎತ್ತುವ ಹಾಗಿಲ್ಲ. ತಿ. ನರಸೀಪುರದ ಕಡೆಯ ನಮ್ಮ ಮನೆಯಲ್ಲಿ ಅಪ್ಪ ರುಜು ಹಾಕಲು ಕಲಿತದ್ದೇ ನನ್ನ ಪಿಯುಸಿ ಅರ್ಜಿಗಾಗಿ.

ಪದವಿಗೆ ಸೇರಿದ ವರ್ಷ ನನಗೆ ವಿದ್ಯಾರ್ಥಿವೇತನ ಬರಲಿಲ್ಲ. ಅಂಕಗಳೇನೋ ಸಾಕಷ್ಟಿದ್ದವು, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಅಂಥ ಕಾಗದಕ್ಕೂ ಅವಧಿ ಉಂಟೆಂದು ಹೇಳುವವರು ಮನೆಯಲ್ಲಿರಲಿಲ್ಲ. ನಾಲೆಗೆ ನೀರು ಎಂದು ಬರುತ್ತದೆ, ಭತ್ತದ ನಾಟಿ ಯಾವಾಗ ಎಂಬುದೆಲ್ಲ ಅಪ್ಪನಿಗೆ ಬಾಯಿಪಾಠ. ನಾಡಕಚೇರಿ ಮಾತ್ರ ಬೇರೆ ಲೋಕ. ಹಣದ ತಾಪತ್ರಯ ಇದ್ದೇ ಇದೆ, ಅದಕ್ಕಿಂತ ಹೆಚ್ಚಾಗಿ ಕಾಡುವುದು ಕೇಳಲು ಯಾರೂ ಇಲ್ಲದಿರುವುದು. ಅಮೆರಿಕಕ್ಕೆ ಮೆಕ್ಸಿಕೊ ಮೊದಲಾದ ದೇಶಗಳಿಂದ ವಲಸೆ ಹೋದ ಲ್ಯಾಟಿನೊ ಕೂಲಿಕಾರರ ಮಕ್ಕಳ ಪಾಡೂ ಇದೇ. ಮನೆಗೆ ಬಂದ ಇಂಗ್ಲಿಷ್ ಪತ್ರಗಳನ್ನು ಎಷ್ಟೋ ಕಡೆ ಮಕ್ಕಳೇ ಅಪ್ಪ ಅಮ್ಮನಿಗೆ ಓದಿ ಹೇಳಬೇಕು.

ನಮ್ಮ ಸೀಮೆಯ ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯ ಹಾಸ್ಟೆಲು. 1918ರಲ್ಲಿ ನೇಮಕಗೊಂಡ ಮಿಲ್ಲರ್ ಸಮಿತಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಬೇಕೆಂದಿತು. ಸರಿಯೇ. ಆದರೆ ನೌಕರಿಗೆ ಮೊದಲು ಓದು, ಓದಿಗೆ ಮೊದಲು ಊಟ, ಮಲಗಲು ಜಾಗ ಬೇಕಲ್ಲ! ಮೈಸೂರಿನಲ್ಲಿ ದಲಿತ ಮಕ್ಕಳ ಓದಿಗಾಗಿ ದುಡಿದ ತಲಕಾಡು ರಂಗೇಗೌಡರ ಹೆಸರಿನಲ್ಲಿರುವ ತಲಕಾಡು ತಿ. ನರಸೀಪುರ ತಾಲ್ಲೂಕಿನದು. ನಿಮ್ಮ ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯ ತೆರೆದರು. ಸರ್ಕಾರಿ ಹಾಸ್ಟೆಲುಗಳೂ ಬಂದವು.

ಹಾಸ್ಟೆಲೆಂದರೆ ಬರೀ ಮುದ್ದೆ ಸಾರು ಎಂದುಕೊಳ್ಳಬೇಡಿ. ಯಾವ ಅರ್ಜಿಗೆ ಯಾವುದು ಕೊನೆಯ ದಿನ, ಮರುಮೌಲ್ಯಮಾಪನಕ್ಕೆ ಯಾರನ್ನು ಕಾಣಬೇಕು, ಇದನ್ನೆಲ್ಲ ಪಕ್ಕದ ಕೋಣೆಯ ಅಣ್ಣ ಹೇಳುತ್ತಾನೆ. ಎರಡನೆಯ ವರ್ಷ ನನಗೂ ಅಂಥ ಅಣ್ಣನೊಬ್ಬ ಸಿಕ್ಕ. ಪತ್ರಿಕೋದ್ಯಮದ ಡಿಪ್ಲೊಮಾ ಎಂಬುದೊಂದು ಇದೆಯೆಂದು ತಿಳಿದದ್ದೇ ಅವನಿಂದ.

2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಖರ್ಚು ತಪ್ಪಿತು. ದೊಡ್ಡ ಮಾತು ಅದು. ಆದರೆ ಕೊನೆಯ ಪೀರಿಯಡ್ ಮುಗಿದೊಡನೆ ಊರಿನ ಬಸ್ಸಿಗೆ ಓಡುವವಳಿಗೆ ಆ ಪಕ್ಕದ ಕೋಣೆ ಎಲ್ಲಿ ಸಿಗಬೇಕು? ಅಪ್ಪನ ಮನಸ್ಸಿನಲ್ಲಿ ಮದುವೆಯ ಯೋಚನೆ ಬೇರೆ. ಒಂದು ಅರ್ಜಿ ತಪ್ಪಿದರೂ ಓದು ಬಿಡಿಸಲು ಅದೇ ನೆಪವಾದೀತು.

ನಿಮ್ಮ ಪ್ರಾಂಶುಪಾಲರ ಬಳಿ ಈ ಮಾತು ಆಡಿದೆ. ಸೋಮವಾರದಿಂದ ಮಧ್ಯಾಹ್ನದ ಬಿಡುವಿನಲ್ಲಿ ಅಂತಿಮ ವರ್ಷದ ಇಬ್ಬರು ಗ್ರಂಥಾಲಯದ ಬಳಿ ಕೂತು ಅರ್ಜಿ ತುಂಬಿಸಿಕೊಡಲಿ ಎಂದು ಅವರು ಒಪ್ಪಿದ್ದಾರೆ. ಆದಾಯ ಪ್ರಮಾಣಪತ್ರ ತನ್ನಿ. ದಿನಾಂಕ ನೋಡಿಕೊಂಡು ತನ್ನಿ.