ಮುಟ್ಟು ಎಂಬ ಮಾತು

(ಬಾನುಲಿ ಭಾಷಣ)



ಮೂವತ್ತು ವರ್ಷಗಳಿಗೂ ಮೀರಿ ಕನ್ನಡ ಪಾಠ ಹೇಳಿದವನು ನಾನು. ಆ ಅವಧಿಯಲ್ಲಿ ದ್ರೌಪದಿಯ ವಸ್ತ್ರಾಪಹರಣದ ಪ್ರಸಂಗವನ್ನು ಎಷ್ಟೋ ಸಲ ತರಗತಿಯಲ್ಲಿ ವಿವರಿಸಿದ್ದೇನೆ. ಆಕೆ ಆ ದಿನ ರಜಸ್ವಲೆ, ಏಕವಸ್ತ್ರೆ. ಇದನ್ನು ತಿಳಿಸದೆ ಆ ಸಭೆಯ ಕ್ರೌರ್ಯ ಪೂರ್ತಿಯಾಗಿ ಮನಸ್ಸಿಗೆ ತಟ್ಟದು. ಆದರೂ ಆ ಎಡೆಗೆ ಬಂದಾಗಲೆಲ್ಲ ನನ್ನ ದನಿ ತಗ್ಗುತ್ತಿತ್ತು. 'ರಜಸ್ವಲೆ' ಎಂಬ ಸಂಸ್ಕೃತ ಪದವನ್ನು ಉಚ್ಚರಿಸಿ, ಅರ್ಥವನ್ನು ಹೇಳದೆ ಪುಟ ಮಗುಚುತ್ತಿದ್ದೆ. ಹುಡುಗಿಯರು ತಲೆ ತಗ್ಗಿಸುತ್ತಿದ್ದರು; ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು. ಅದನ್ನು ನಾನು ಸಭ್ಯತೆಯೆಂದು ಭಾವಿಸಿದ್ದೆ.

ಕಳೆದ ವರ್ಷ ಹಳೆಯ ವಿದ್ಯಾರ್ಥಿಯೊಬ್ಬ ರಾಜಾಜಿನಗರದ ನನ್ನ ಮನೆಗೆ ಬಂದ. ಆಗಷ್ಟೇ ಮದುವೆಯಾಗಿತ್ತು, ವಿಜಯನಗರದಲ್ಲಿ ಎರಡು ಕೋಣೆಗಳ ಬಾಡಿಗೆ ಮನೆ. ಕಾಫಿ ಆರಿಹೋಗುವವರೆಗೂ ಅದೂ ಇದೂ ಮಾತನಾಡಿದ. ಕೊನೆಗೆ ಹೊಸ್ತಿಲ ಬಳಿ ನಿಂತು, "ಸಾರ್, ಹೆಂಡತಿ ಹೊರಗಾದ ದಿನಗಳಲ್ಲಿ ಗಂಡಹೆಂಡಿರು ಸೇರುವುದು ತಪ್ಪೇ? ಅವಳಿಗೆ ಏನಾದರೂ ತೊಂದರೆಯಾಗುತ್ತದೆಯೇ?" ಎಂದು ಕೇಳಿದ. ನಾನು, "ಯಾರಾದರೂ ವೈದ್ಯರನ್ನು ಕೇಳಪ್ಪ" ಎಂದು ಕಳುಹಿಸಿಕೊಟ್ಟೆ. ಅವನು ಹೋದ ಮೇಲೆ ನನ್ನ ಮನೆಯವರು ಒಳಗಿನಿಂದ ಬಂದು, "ನಿಮಗೆ ಉತ್ತರ ಗೊತ್ತಿರಲಿಲ್ಲವೋ, ಹೇಳುವ ಧೈರ್ಯವಿರಲಿಲ್ಲವೋ?" ಎಂದರು. ಎರಡೂ ಇರಲಿಲ್ಲ. ಈ ದಿನದ ನನ್ನ ಮಾತು ಆ ಹುಡುಗನಿಗೆ ತಡವಾಗಿ ಕೊಡುತ್ತಿರುವ ಉತ್ತರ.

ಭಾಷೆಯಿಂದ ಆರಂಭಿಸುತ್ತೇನೆ, ಅದು ನನ್ನ ಕಸುಬು. ಕನ್ನಡದಲ್ಲಿ 'ಮುಟ್ಟು' ಎಂದರೆ ಸ್ಪರ್ಶ. ಕೆಲಸದ ಸಲಕರಣೆಗೂ ಮುಟ್ಟು ಎನ್ನುವುದುಂಟು. ಹೆಣ್ಣಿನ ತಿಂಗಳ ಸ್ರಾವಕ್ಕೂ ಅದೇ ಹೆಸರು. ಮುಟ್ಟಬಾರದವಳನ್ನು 'ಮುಟ್ಟಾದವಳು' ಎಂದು ಕರೆದುದು ನಮ್ಮ ನುಡಿಯ ವಿಚಿತ್ರಗಳಲ್ಲೊಂದು. ಅದನ್ನೂ ಬಾಯಿಬಿಟ್ಟು ಹೇಳಲಾರದೆ 'ಹೊರಗಾಗಿದ್ದಾಳೆ' ಎಂದೆವು. ಮಕ್ಕಳು ಕೇಳಿದರೆ 'ಕಾಗೆ ಮುಟ್ಟಿದೆ' ಎಂದೆವು. ಮೈಯ ಒಂದು ಸಹಜ ಕ್ರಿಯೆಗೆ ಇಷ್ಟು ಮರೆಮಾತುಗಳನ್ನು ಕಟ್ಟಿಕೊಂಡ ಮೇಲೆ, ಗಂಡಹೆಂಡಿರು ಆ ಬಗ್ಗೆ ತಮ್ಮತಮ್ಮೊಳಗೆ ಮಾತನಾಡಲು ಪದಗಳನ್ನು ಎಲ್ಲಿಂದ ತಂದಾರು?

ಇನ್ನು ನಿಷೇಧದ ವಿಚಾರ. ರಜಸ್ವಲೆಯಾದ ಸ್ತ್ರೀಯನ್ನು ಕೂಡಿದವನ ಬುದ್ಧಿ, ತೇಜಸ್ಸು, ಬಲ, ದೃಷ್ಟಿ, ಆಯುಸ್ಸುಗಳು ಕುಂದುತ್ತವೆಂದು ಮನುಸ್ಮೃತಿ ಹೇಳುತ್ತದೆ. ಗಮನಿಸಿ, ಅಲ್ಲಿರುವ ಲೆಕ್ಕವೆಲ್ಲ ಗಂಡಸಿನ ನಷ್ಟದ್ದು. ಆಕೆಯ ನೋವು, ಆಯಾಸ, ಇಷ್ಟಾನಿಷ್ಟಗಳು ಆ ಲೆಕ್ಕದಲ್ಲಿ ಬಾರವು. ಈ ಭಯ ನಮ್ಮ ದೇಶಕ್ಕೆ ಮಾತ್ರ ಸೇರಿದ್ದೂ ಅಲ್ಲ. ಯೆಹೂದ್ಯರ ಧರ್ಮಶಾಸ್ತ್ರ ಏಳು ದಿನಗಳ ಅಶೌಚವನ್ನು ವಿಧಿಸಿತು. ಒಂದನೆಯ ಶತಮಾನದ ರೋಮಿನಲ್ಲಿ ಪ್ಲಿನಿ ಎಂಬ ವಿದ್ವಾಂಸ, ಮುಟ್ಟಿನ ಸೋಂಕಿನಿಂದ ದ್ರಾಕ್ಷಾರಸ ಹುಳಿಯುವುದೆಂದು ಬರೆದಿಟ್ಟ. ನಮ್ಮ ಅಜ್ಜಿಯರು ಉಪ್ಪಿನಕಾಯಿ ಕೆಡುತ್ತದೆ ಎಂದರಲ್ಲ, ಹಾಗೆ. ಅಷ್ಟೇಕೆ, 1920ರಲ್ಲಿ ವಿಯೆನ್ನಾದ ಪ್ರಸಿದ್ಧ ವೈದ್ಯ ಬೇಲಾ ಷಿಕ್, ಮುಟ್ಟಾದ ಸೇವಕಿ ಹಿಡಿದ ಹೂಗಳು ಬೇಗ ಬಾಡಿದವೆಂದು ಕಂಡು, ಆಕೆಯ ಮೈಯಲ್ಲಿ ಒಂದು ಬಗೆಯ ವಿಷವಿದೆಯೆಂದು ವಾದಿಸಿದ. ಅಂತಹ ವಿಷವುಂಟೆಂಬುದು ಮುಂದೆ ಸ್ಥಿರಪಡಲಿಲ್ಲ. ವಿದ್ಯೆ ಬಂದೊಡನೆ ಭಯ ಹೋಗುವುದಿಲ್ಲ; ಕೆಲವೊಮ್ಮೆ ಭಯವೇ ವಿದ್ಯೆಯ ಅಂಗಿ ತೊಟ್ಟು ಬರುತ್ತದೆ.

ಆದರೆ ನಮ್ಮ ನಾಡಿನಲ್ಲಿ ಇನ್ನೆರಡು ದಾರಿಗಳೂ ಇದ್ದವು. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ 'ಕೆಡ್ಡಸ' ಎಂಬ ಹಬ್ಬ ಬರುತ್ತದೆ. ಆಗ ಭೂಮಿತಾಯಿ ಮುಟ್ಟಾಗುತ್ತಾಳೆಂದು ನಂಬಿಕೆ. ಆ ದಿನಗಳಲ್ಲಿ ನೆಲವನ್ನು ಉಳುವಂತಿಲ್ಲ, ಅಗೆಯುವಂತಿಲ್ಲ. ಕೊನೆಗೆ ಹೆಂಗಸರು ನೆಲಕ್ಕೆ ಎಣ್ಣೆಯೆರೆದು, ಅರಿಸಿನ ಕುಂಕುಮಗಳನ್ನಿಟ್ಟು ಗೌರವಿಸುತ್ತಾರೆ. ಇಲ್ಲಿ ವಿರಾಮವುಂಟು, ತಿರಸ್ಕಾರವಿಲ್ಲ. ಇನ್ನೊಂದು, ಹನ್ನೆರಡನೆಯ ಶತಮಾನದ ಶರಣರ ದಾರಿ. ಜನನ, ಮರಣ, ಜಾತಿ, ಎಂಜಲು, ರಜಸ್ಸು ಎಂಬ ಐದು ಸೂತಕಗಳನ್ನೂ ಅವರು ನಿರಾಕರಿಸಿದರು. ನಮ್ಮ ಪಕ್ಕದ ಬಸವೇಶ್ವರನಗರದಲ್ಲಿ ಆ ಮಹಾಪುರುಷನ ಹೆಸರನ್ನು ಬೀದಿಬೀದಿಯ ಫಲಕಗಳಲ್ಲಿ ಓದುತ್ತೇವೆ. ಆ ಬೀದಿಗಳ ಮನೆಗಳೊಳಗೆ ಐದನೆಯ ಸೂತಕ ಎಷ್ಟರಮಟ್ಟಿಗೆ ಅಳಿದಿದೆಯೆಂಬುದನ್ನು ಅವರವರೇ ಹೇಳಬೇಕು.

ಈಗ ವೈದ್ಯಶಾಸ್ತ್ರದ ಮಾತು. ತಿಂಗಳ ಸ್ರಾವ ಕೆಟ್ಟ ರಕ್ತವಲ್ಲ. ಗರ್ಭ ನಿಂತರೆ ಶಿಶುವಿಗೆ ಆಸರೆಯಾಗಬೇಕಾಗಿದ್ದ ಗರ್ಭಕೋಶದ ಒಳಪದರ, ಗರ್ಭ ನಿಲ್ಲದಾಗ ಕಳಚಿ ರಕ್ತದೊಡನೆ ಹೊರಬರುತ್ತದೆ. ಹೀಗಿರುವಾಗ, ಇಬ್ಬರಿಗೂ ಮನಸ್ಸಿದ್ದರೆ ಆ ದಿನಗಳ ದಾಂಪತ್ಯಸುಖದಿಂದ ಆರೋಗ್ಯವಂತ ದಂಪತಿಗಳಿಗೆ ಹಾನಿಯಿಲ್ಲ. ಕೆಲವು ಸ್ತ್ರೀಯರಿಗೆ ಆಗ ಬಯಕೆ ಹೆಚ್ಚುವುದುಂಟು. ಕೆಲವರಿಗೆ ಸುಖದಿಂದ ಕಿಬ್ಬೊಟ್ಟೆಯ ನೋವು ತಗ್ಗುವುದೂ ಉಂಟು. ಇನ್ನು ಕೆಲವರಿಗೆ ಹತ್ತಿರ ಸುಳಿಯುವುದೂ ಬೇಡವಾಗುತ್ತದೆ. ಎರಡೂ ಸಹಜವೇ.

ಆದರೆ ಎಚ್ಚರಿಕೆಗಳಿವೆ. ರಕ್ತದ ಮೂಲಕ ಹರಡುವ ಎಚ್‌ಐವಿ, ಹೆಪಟೈಟಿಸ್ ಬಿ ಮೊದಲಾದ ಸೋಂಕುಗಳು ದಾಟುವ ಸಂಭವ ಆಗ ಹೆಚ್ಚು. ಆದುದರಿಂದ ಕಾಂಡೋಮ್ ಬಳಸುವುದು ವಿವೇಕ. ಆ ದಿನಗಳಲ್ಲಿ ಗರ್ಭ ನಿಲ್ಲದೆಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ವೀರ್ಯಾಣುಗಳು ಹೆಣ್ಣಿನ ಶರೀರದಲ್ಲಿ ಸುಮಾರು 5 ದಿನ ಬದುಕಿರಬಲ್ಲವು. ಋತುಚಕ್ರ ಚಿಕ್ಕದಾಗಿರುವವರಿಗೆ ಅಷ್ಟರಲ್ಲೇ ಅಂಡ ಬಿಡುಗಡೆಯಾಗಬಹುದು. ಸ್ರಾವ 7 ದಿನಗಳನ್ನು ಮೀರಿದರೆ, ಗಂಟೆಗಂಟೆಗೂ ಬಟ್ಟೆ ಬದಲಾಯಿಸುವಂತಾದರೆ, ಕೂಡಿದಾಗ ತೀವ್ರ ನೋವಾದರೆ, ಮುಟ್ಟಿನ ದಿನಗಳಲ್ಲದೆ ಬೇರೆ ದಿನ ಕೂಡಿದ ಮೇಲೆ ರಕ್ತ ಕಂಡರೆ, ಮುಟ್ಟು ನಿಂತುಹೋದ ವಯಸ್ಸಿನಲ್ಲಿ ಮತ್ತೆ ಕಂಡರೆ, ನಾಚಿಕೆಪಡದೆ ವೈದ್ಯರ ಬಳಿಗೆ ಹೋಗಬೇಕು.

ಇಷ್ಟನ್ನು ಪುಸ್ತಕಗಳಿಂದ ಕಲಿಯಬಹುದಾಗಿತ್ತು. ಸ್ವತಃ ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ದಾಂಪತ್ಯ ದೀಪಿಕೆ', 'ವಧುವಿಗೆ ಕಿವಿಮಾತು' ಮೊದಲಾದ ಪುಸ್ತಕಗಳಲ್ಲಿ ಇಂತಹ ವಿಷಯಗಳಿಗೆ ಕನ್ನಡದಲ್ಲಿ ಮರ್ಯಾದೆಯ ಮಾತುಗಳನ್ನು ಒದಗಿಸಿದ್ದರು. 1991ರಲ್ಲಿ ಅವರು ತೀರಿಕೊಂಡಾಗ ನಾನು ತರಗತಿಯಲ್ಲಿ ಅವರ ಕಾದಂಬರಿಗಳ ಬಗ್ಗೆ ಮಾತನಾಡಿದೆ. ಈ ಪುಸ್ತಕಗಳ ಹೆಸರನ್ನೆತ್ತಲಿಲ್ಲ.

ಅದರ ಬೆಲೆಯನ್ನು ತೆತ್ತವರು ನನ್ನ ಮನೆಯವರು. ಅವರ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ. ಮದುವೆಯಾದ ಹೊಸದರಲ್ಲಿ ತಿಂಗಳಿಗೆ ಮೂರು ದಿನ ಅವರಿಗೆ ಹಿಂದಿನ ವರಾಂಡದಲ್ಲಿ ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ನನ್ನ ತಾಯಿಯವರು ತೀರಿಕೊಂಡ ಮೇಲೆ ಆ ಪದ್ಧತಿ ನಿಂತಿತು. ಮನೆ ಸುಧಾರಿಸಿತೆಂದು ನಾನು ಹೆಮ್ಮೆಪಟ್ಟೆ. ಚಾಪೆ ಹೋಯಿತು, ಮೌನ ಹೋಗಲಿಲ್ಲ. ಮುಂದೆ ಅವರು ನನ್ನಿಂದ ದೂರವಿರತೊಡಗಿದಾಗ ಮುನಿಸೆಂದುಕೊಂಡೆ. ಬಳಲಿದಾಗ ಟಾನಿಕ್ ತಂದುಕೊಟ್ಟೆ. ಒಂದು ದಿನ ನವರಂಗ್ ವೃತ್ತದ ಬಳಿ ಬಸ್ಸಿಗೆ ಕಾಯುತ್ತಿದ್ದಾಗ ಕುಸಿದುಬಿದ್ದರು. ಪರೀಕ್ಷಿಸಿದಾಗ ಹಿಮೋಗ್ಲೋಬಿನ್ 6 ಗ್ರಾಂ, ಗರ್ಭಕೋಶದಲ್ಲಿ ಗಡ್ಡೆ. "ಎಷ್ಟು ಕಾಲದಿಂದ ಹೀಗೆ ಸ್ರಾವವಾಗುತ್ತಿದೆ?" ಎಂದು ವೈದ್ಯರು ನನ್ನನ್ನು ಕೇಳಿದರು. ಒಂದೇ ಸೂರಿನ ಕೆಳಗೆ ಹತ್ತೊಂಬತ್ತು ವರ್ಷ ಬಾಳಿದ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷದಿಂದ ಎಂದು ಆಮೇಲೆ ತಿಳಿಯಿತು. ಶಸ್ತ್ರಚಿಕಿತ್ಸೆಯಾಯಿತು, ಗುಣಮುಖರಾದರು. "ನನಗೇಕೆ ಹೇಳಲಿಲ್ಲ?" ಎಂದು ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ನೀವು ಯಾವತ್ತು ಕೇಳಿದಿರಿ?"

ಹಳೆಯ ತಲೆಮಾರಿನ ಎಷ್ಟೋ ತಾಯಂದಿರು, ಆ ಮೂರು ದಿನವೇ ನಮಗೆ ಸಿಗುತ್ತಿದ್ದ ವಿಶ್ರಾಂತಿ ಎನ್ನುತ್ತಾರೆ. ನಾನು ಅದನ್ನು ಅಲ್ಲಗಳೆಯಲಾರೆ. ವಿಶ್ರಾಂತಿ ಬೇಕಾದವಳಿಗೆ ಅದು ಮೈಲಿಗೆಯ ಹೆಸರಿಲ್ಲದೆಯೂ ದೊರೆಯಬೇಕು. 2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವಸಂಪುಟ, ದುಡಿಯುವ ಮಹಿಳೆಯರಿಗೆ ತಿಂಗಳಿಗೊಂದು ದಿನ ವೇತನಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆಯಿತ್ತಿತು. ಸರ್ಕಾರದ ಕಡತದಲ್ಲಿ ಬರೆಯಬಹುದಾದ ಮಾತನ್ನು ಗಂಡ ಹೆಂಡತಿಯೊಡನೆ ಆಡಲಾರನೇ?

ಆ ಹುಡುಗನಿಗೆ ಈಗ ಹೇಳುತ್ತೇನೆ: ಅಪ್ಪಾ, ಅದು ಪಾಪವೂ ಅಲ್ಲ, ರೋಗವೂ ಅಲ್ಲ, ಕರ್ತವ್ಯವೂ ಅಲ್ಲ. ನಂಬಿಕೆಯಿಂದ ದೂರವಿರುವವರಿಗೆ ನಷ್ಟವಿಲ್ಲ. ಒಲವಿನಿಂದ ಹತ್ತಿರವಿರುವವರಿಗೆ ದೋಷವಿಲ್ಲ. ಆದರೆ ತೀರ್ಮಾನ ಶಾಸ್ತ್ರದ್ದೂ ಆಗಬಾರದು, ನಿನ್ನೊಬ್ಬನದೂ ಆಗಬಾರದು. ನನ್ನನ್ನು ಕೇಳಿದ ಪ್ರಶ್ನೆಯನ್ನು ಮೊದಲು ಆಕೆಯನ್ನು ಕೇಳು. ಆಕೆ ಬೇಡವೆಂದರೆ ಅದೇ ಕೊನೆಯ ಮಾತು. ಬೇಡವೆನ್ನುವ ದಿನ, ನೋವಿದೆಯೇ ಎಂದು ಇನ್ನೊಂದು ಪ್ರಶ್ನೆಯನ್ನೂ ಕೇಳು. ನಾನು ಆ ಎರಡನೆಯ ಪ್ರಶ್ನೆಯನ್ನು ಕೇಳಿರಲಿಲ್ಲ.