ಹಿಮದ ಇಳಿಜಾರು ಮತ್ತು ಗಣಕಯಂತ್ರದ ಲೆಕ್ಕ



ಬಾದಾಮಿಯ ಹತ್ತಿರ ಇರುವ ಬನಶಂಕರಿಯ ಜಾತ್ರೆಗೆ ನಿಮ್ಮಲ್ಲಿ ಬಹಳ ಮಂದಿ ಹೋಗಿರುತ್ತೀರಿ. ಬನದ ಹುಣ್ಣಿಮೆಯ ತೇರು, ಅಂಗಡಿ ಸಾಲು, ರಾತ್ರಿಯಿಡೀ ನಡೆಯುವ ಕಂಪನಿ ನಾಟಕ, ಇವೆಲ್ಲ ನಿಮಗೆ ಗೊತ್ತು. ದೇವಸ್ಥಾನದ ಮುಂದಿರುವ ಹರಿದ್ರಾತೀರ್ಥ ಎಂಬ ಹೊಂಡವನ್ನು ಒಮ್ಮೆ ನೆನೆಸಿಕೊಳ್ಳಿ. ಸುಮಾರು 360 ಅಡಿ ಚೌಕದ ಹೊಂಡ. ಅದರ ದಂಡೆಗೆ ಕಲ್ಲಿನ ಮಂಟಪಗಳ ಸಾಲು. ನೀರು ಎಲ್ಲಿ ನಿಲ್ಲಬೇಕು, ಜನ ಎಲ್ಲಿ ನಡೆಯಬೇಕು, ನೆರಳು ಎಲ್ಲಿರಬೇಕು ಎಂದು ಹಿಂದಿನವರು ಯೋಚಿಸಿಯೇ ಇದನ್ನು ಕಟ್ಟಿದ್ದಾರೆ. ಇದಕ್ಕೆ ಸ್ಥಳವಿನ್ಯಾಸ ಎನ್ನುತ್ತಾರೆ.

ಚಳಿಗಾಲದಲ್ಲಿ ಜನ ಸೇರುವ ಇನ್ನೊಂದು ಬಗೆಯ ಸ್ಥಳವಿದೆ. ಅದು ಹಿಮದ ಮೇಲೆ ಜಾರುವ ಆಟದ, ಅಂದರೆ ಸ್ಕೀಯಿಂಗ್‌ನ ತಾಣ. ಅದರ ವಿನ್ಯಾಸಕ್ಕೆ ಈಗ ಕೃತಕ ಬುದ್ಧಿಮತ್ತೆಯ ನೆರವನ್ನೂ ಪಡೆಯಬಹುದು. ಬಾದಾಮಿಯ ಬಿಸಿಲಲ್ಲಿ ಕುಳಿತವರಿಗೆ ಹಿಮದ ಮಾತೇಕೆ ಎಂದು ನೀವು ಕೇಳಬಹುದು. ಉತ್ತರ ಸರಳವಾಗಿದೆ. ಅಲ್ಲಿ ಇಳಿಜಾರನ್ನು ಅಳೆಯುವ ಲೆಕ್ಕವೇ ನಾಳೆ ನಿಮ್ಮೂರಿನ ರಸ್ತೆ, ಬಡಾವಣೆ, ಜಾತ್ರೆಯ ಬಯಲುಗಳಿಗೂ ಬರಬಹುದು. ಆ ಲೆಕ್ಕ ಹೇಗೆ ನಡೆಯುತ್ತದೆ, ಎಲ್ಲಿ ಎಡವಬಹುದು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಮೊದಲು ಬೆಟ್ಟದ ನಕ್ಷೆ ಬೇಕು. ಉಪಗ್ರಹ ಅಥವಾ ವಿಮಾನದಿಂದ ಬೆಟ್ಟವನ್ನು ಅಳೆದು, ಅದನ್ನು ಚಿಕ್ಕ ಚಿಕ್ಕ ಚೌಕಗಳಾಗಿ ವಿಭಾಗಿಸಿ, ಪ್ರತಿ ಚೌಕದ ಎತ್ತರವನ್ನು ಅಂಕಿಗಳಲ್ಲಿ ಬರೆಯುತ್ತಾರೆ. ಅಕ್ಕಪಕ್ಕದ ಎರಡು ಚೌಕಗಳ ಎತ್ತರ ಗೊತ್ತಾದರೆ ಇಳಿಜಾರು ಗೊತ್ತಾಗುತ್ತದೆ. 100 ಅಡಿ ಮುಂದೆ ಸಾಗುವಾಗ 25 ಅಡಿ ಇಳಿದರೆ ಅದು ಶೇಕಡಾ 25ರ ಇಳಿಜಾರು. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ಇಳಿಜಾರಿನ ದಾರಿಗೆ ಹಸಿರು ಗುರುತು ಹಾಕಿ ಹೊಸಬರಿಗೆ ಬಿಡುತ್ತಾರೆ. ಶೇಕಡಾ 40ರವರೆಗೆ ನೀಲಿ. ಅದಕ್ಕೂ ಕಡಿದಾದದ್ದು ಪಳಗಿದವರಿಗೆ ಮೀಸಲಾದ ಕಪ್ಪು ದಾರಿ. ಬಿಸಿಲು ಕಡಿಮೆ ಬೀಳುವುದರಿಂದ ನಮ್ಮ ಭೂಗೋಳಾರ್ಧದಲ್ಲಿ ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಹಿಮ ಹೆಚ್ಚು ದಿನ ಉಳಿಯುತ್ತದೆ. ಸುಮಾರು 30ರಿಂದ 45 ಡಿಗ್ರಿ ಕೋನದ ಇಳಿಜಾರುಗಳಲ್ಲಿ ಹಿಮಪಾತದ, ಅಂದರೆ ಹಿಮದ ರಾಶಿ ಒಮ್ಮೆಲೇ ಕುಸಿಯುವ ಭಯ ಹೆಚ್ಚು.

ಇಷ್ಟೆಲ್ಲ ಸಂಗತಿಗಳನ್ನು ಒಟ್ಟಿಗೆ ಹಿಡಿದು ಯೋಚಿಸುವುದು ಮನುಷ್ಯನಿಗೆ ಕಷ್ಟ. ಗಣಕಯಂತ್ರಕ್ಕೆ ಅದು ಸುಲಭ. ಜಾರುದಾರಿ ಎಲ್ಲಿ, ರೋಪ್‌ವೇ ಕಂಬ ಎಲ್ಲಿ, ಊಟದ ಮನೆ ಎಲ್ಲಿ ಎಂದು ಅದು ಸಾವಿರಾರು ನಕ್ಷೆಗಳನ್ನು ಹಾಕಿ, ಪ್ರತಿಯೊಂದಕ್ಕೂ ಅಂಕ ಕೊಡುತ್ತದೆ. ಹೆಚ್ಚು ಅಂಕ ಬಂದವನ್ನು ಉಳಿಸಿಕೊಂಡು, ಅವನ್ನೇ ಸ್ವಲ್ಪ ಸ್ವಲ್ಪ ಬದಲಿಸಿ ಮತ್ತೆ ಅಳೆಯುತ್ತದೆ. ಹಿಂದೆ ಹಿಮ ಕುಸಿದ ಜಾಗಗಳ ದಾಖಲೆಯನ್ನು ಕೊಟ್ಟರೆ, ಅಂಥದೇ ಲಕ್ಷಣಗಳಿರುವ ಬೇರೆ ಜಾಗಗಳನ್ನೂ ಗುರುತಿಸುತ್ತದೆ. ಇದು ನಿಜವಾಗಿಯೂ ಉಪಯುಕ್ತ ಕೆಲಸ.

ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಅಂಕ ಕೊಡುವುದು ಯಂತ್ರ. ಯಾವುದಕ್ಕೆ ಎಷ್ಟು ಅಂಕ ಎಂದು ಗೊತ್ತುಮಾಡುವವರು ಯಾರು? ಪ್ರಶ್ನೆಪತ್ರಿಕೆಯಲ್ಲಿ ಇಲ್ಲದ ಪಾಠವನ್ನು ಪರೀಕ್ಷೆಯ ಹಿಂದಿನ ರಾತ್ರಿ ನೀವು ಓದುತ್ತೀರಾ? ಯಂತ್ರವೂ ಓದುವುದಿಲ್ಲ.

ನಮ್ಮ ದೇಶದ ಉದಾಹರಣೆಯನ್ನೇ ನೋಡೋಣ. ಉತ್ತರಾಖಂಡದ ಚಮೋಲಿ ಜಿಲ್ಲೆಯ ಔಲಿ ಹೆಸರಾದ ಸ್ಕೀ ತಾಣ. ಕೆಳಗಿನ ಜೋಶಿಮಠದಿಂದ ಅಲ್ಲಿಗೆ ಸುಮಾರು 4 ಕಿಲೋಮೀಟರ್ ಉದ್ದದ ರೋಪ್‌ವೇ ಹಾಕಲಾಯಿತು. 2011ರಲ್ಲಿ ಅಲ್ಲಿ ದಕ್ಷಿಣ ಏಷ್ಯಾದ ಚಳಿಗಾಲದ ಕ್ರೀಡೆಗಳು ನಡೆದವು. ಹಿಮ ಸಾಲದಿದ್ದಾಗ ಯಂತ್ರದಿಂದ ಹಿಮ ಮಾಡಲು ನೀರು ಬೇಕಲ್ಲ. ಅದಕ್ಕಾಗಿ ಬೆಟ್ಟದ ಮೇಲೆ ಒಂದು ಕೃತಕ ಸರೋವರವನ್ನೂ ಕಟ್ಟಿದರು. ನಮ್ಮ ಹರಿದ್ರಾತೀರ್ಥದಂತೆ ಅದೂ ಮನುಷ್ಯ ಕಟ್ಟಿದ ಹೊಂಡವೇ. ಆದರೆ ಹೊಂಡದಲ್ಲಿ ನೀರಿದ್ದರೂ ಗಾಳಿ ಸಾಕಷ್ಟು ತಣ್ಣಗಿಲ್ಲದಿದ್ದರೆ ಹಿಮ ಆಗುವುದಿಲ್ಲ.

ಇನ್ನು ಜೋಶಿಮಠದ ಕಥೆ. ಆ ಊರು ನಿಂತಿರುವುದು ಗಟ್ಟಿ ಬಂಡೆಯ ಮೇಲಲ್ಲ. ಬಹು ಹಿಂದೆ ಕುಸಿದು ಬಿದ್ದ ಬೆಟ್ಟದ ಮಣ್ಣು ಕಲ್ಲುಗಳ ರಾಶಿಯ ಮೇಲೆ. 1976ರಲ್ಲಿಯೇ ಮಿಶ್ರಾ ಸಮಿತಿ ಇದನ್ನು ಹೇಳಿ, ಭಾರಿ ಕಟ್ಟಡಗಳಿಗೆ ಕಡಿವಾಣ ಹಾಕಬೇಕೆಂದು ಎಚ್ಚರಿಸಿತ್ತು. 2023ರ ಜನವರಿಯಲ್ಲಿ ಅಲ್ಲಿನ 800ಕ್ಕೂ ಹೆಚ್ಚು ಕಟ್ಟಡಗಳು ಬಿರುಕು ಬಿಟ್ಟವು. ಎಷ್ಟೋ ಕುಟುಂಬಗಳು ಚಳಿಯಲ್ಲಿ ಮನೆ ಬಿಟ್ಟು ಹೊರಡಬೇಕಾಯಿತು. 2022ರ ಡಿಸೆಂಬರ್ 27ರಿಂದ 2023ರ ಜನವರಿ 8ರವರೆಗಿನ ಹನ್ನೆರಡೇ ದಿನಗಳಲ್ಲಿ ನೆಲ 5.4 ಸೆಂಟಿಮೀಟರ್ ಕುಸಿದಿತ್ತೆಂದು ಇಸ್ರೋದ ಉಪಗ್ರಹ ಚಿತ್ರಗಳು ತೋರಿಸಿದವು. ರೋಪ್‌ವೇಯನ್ನೂ ನಿಲ್ಲಿಸಬೇಕಾಯಿತು.

ಸ್ಕೀ ತಾಣದಿಂದಲೇ ಊರು ಕುಸಿಯಿತು ಎಂದು ನಾನು ಹೇಳುತ್ತಿಲ್ಲ. ಚರಂಡಿಯಿಲ್ಲದೆ ಇಂಗಿದ ನೀರು, ಹೆಚ್ಚಿದ ಕಟ್ಟಡಗಳು, ಸಡಿಲ ಮಣ್ಣು ಎಂದು ಹಲವು ಕಾರಣಗಳನ್ನು ತಜ್ಞರು ಹೇಳಿದ್ದಾರೆ. ಔಲಿಯನ್ನು ಗಣಕಯಂತ್ರ ವಿನ್ಯಾಸ ಮಾಡಿದ್ದೂ ಅಲ್ಲ. ಆದರೆ ಯೋಚಿಸಿ. ಅಂಥ ಬೆಟ್ಟದ ಎತ್ತರ, ಹಿಮ, ಪ್ರವಾಸಿಗರ ಸಂಖ್ಯೆ ಇಷ್ಟನ್ನೇ ಯಂತ್ರಕ್ಕೆ ಕೊಟ್ಟು, ಬೆಟ್ಟದ ಕೆಳಗಿರುವ ಊರನ್ನು ಲೆಕ್ಕದಿಂದ ಬಿಟ್ಟರೆ ಏನಾದೀತು? ಯಂತ್ರ ಬಹಳ ಚೆಂದದ ನಕ್ಷೆ ಕೊಡುತ್ತದೆ. ಲೆಕ್ಕದಲ್ಲಿ ಒಂದು ತಪ್ಪೂ ಇರುವುದಿಲ್ಲ. ಊರು ಮಾತ್ರ ಆ ನಕ್ಷೆಯಲ್ಲಿ ಇರುವುದಿಲ್ಲ. 1976ರ ವರದಿಯನ್ನೂ ಜೊತೆಗೆ ಕೊಟ್ಟು, ಊರಿನ ಸುರಕ್ಷತೆಗೇ ಮೊದಲ ಅಂಕ ಎಂದರೆ ಅದೇ ಯಂತ್ರ ಬೇರೆ ನಕ್ಷೆ ಕೊಟ್ಟೀತು. ಇಲ್ಲಿ ಕಟ್ಟಲೇಬೇಡಿ ಎಂದರೂ ಎಂದೀತು.

ಆದ್ದರಿಂದ ಮಿತ್ರರೇ, ಕೃತಕ ಬುದ್ಧಿಮತ್ತೆಯನ್ನು ಕಂಡು ಹೆದರಬೇಕಾಗಿಲ್ಲ. ಅದು ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಾಗಿಯೂ ಇಲ್ಲ. ಅದರ ಮುಂದೆ ಇಟ್ಟ ಪ್ರಶ್ನೆ ಯಾವುದು, ಯಾರನ್ನು ಕೇಳಿ ಇಟ್ಟರು ಎಂದು ವಿಚಾರಿಸುವುದನ್ನು ಕಲಿಯಿರಿ.

ಇದಕ್ಕೆ ಒಂದು ಅಭ್ಯಾಸ ಹೇಳುತ್ತೇನೆ. ಬನಶಂಕರಿ ಜಾತ್ರೆಯ ಬಯಲಿನ ನಕ್ಷೆಯೊಂದನ್ನು ಹಾಳೆಯ ಮೇಲೆ ಬರೆಯಿರಿ. ಮಳೆನೀರು ಎತ್ತ ಹರಿಯುತ್ತದೆ, ತೇರಿನ ದಾರಿ ಯಾವುದು, ಬಸ್ಸು ಎಲ್ಲಿ ನಿಲ್ಲಬೇಕು, ಕುಡಿಯುವ ನೀರು ಮತ್ತು ಶೌಚಾಲಯ ಎಲ್ಲಿರಬೇಕು ಎಂದು ಗುರುತು ಹಾಕಿ. ಆಮೇಲೆ ಹತ್ತು ಅಂಕಗಳನ್ನು ಇವುಗಳಿಗೆ ಹಂಚಿ. ನಿಮ್ಮ ಹಂಚಿಕೆಯನ್ನು ಅಲ್ಲಿ ಅಂಗಡಿ ಇಡುವವರಿಗೆ, ತೇರು ನೋಡಲು ಬರುವ ಒಬ್ಬ ಅಜ್ಜಿಗೆ, ಚೊಳಚಗುಡ್ಡದ ಒಬ್ಬ ರೈತರಿಗೆ ತೋರಿಸಿ. ಅವರು ಎಲ್ಲೆಲ್ಲಿ ಅಂಕ ಬದಲಿಸಲು ಹೇಳುತ್ತಾರೋ ಬರೆದುಕೊಳ್ಳಿ. ಗಣಕಯಂತ್ರದ ಮುಂದೆ ಕೂರುವ ಮೊದಲು ಮಾಡಬೇಕಾದ ಕೆಲಸ ಅದೇ.